ಮೂಲೆಯಿಂದ ನಡುವಿಗೆ

ನನಗೆ ಚಿತ್ರ ಬರೆಯಲು ಬರುತ್ತದೆಂದು ಬಹಳ ವರ್ಷ ನಂಬಿಕೊಂಡಿದ್ದೆ. ನಿಜ ಹೇಳಬೇಕೆಂದರೆ, ನನಗೆ ಬರುತ್ತಿದ್ದದ್ದು ಒಂದೇ ಮುಖ. ಅದರ ಕೈಗೆ ಕಮಲ ಕೊಟ್ಟರೆ ಲಕ್ಷ್ಮಿ, ವೀಣೆ ಕೊಟ್ಟರೆ ಸರಸ್ವತಿ, ಎರಡನ್ನೂ ಕಿತ್ತುಕೊಂಡು ಸೊಂಟದ ಮೇಲೊಂದು ಬಿಂದಿಗೆ ಇಟ್ಟರೆ ನೀರು ತರುವ ಹೆಂಗಸು. ಮೈಸೂರಿನಲ್ಲಿದ್ದಷ್ಟು ದಿನ ಇದನ್ನು ಯಾರೂ ಗಮನಿಸಲಿಲ್ಲ. ಗುಟ್ಟು ರಟ್ಟಾದದ್ದು ಟೋಕಿಯೋದ ಓಜಿಮಾದಲ್ಲಿ, ನಮ್ಮ ಅಪಾರ್ಟ್‌ಮೆಂಟುಗಳ ಪಕ್ಕದ ಸಮುದಾಯ ಭವನದಲ್ಲಿ. ಅದೂ ಅತ್ತೆಯ ಎದುರಿಗೆ.

ಗಂಡ ಆಫೀಸಿಗೆ, ಮಗಳು ಶಾಲೆಗೆ ಹೋದಮೇಲೆ ಗುರುವಾರ ಬೆಳಿಗ್ಗೆ ಆ ಭವನದ ಚಿತ್ರಕಲೆ ತರಗತಿಗೆ ಹೋಗುತ್ತೇನೆ. ನನ್ನನ್ನು ಬಿಟ್ಟರೆ ಉಳಿದವರೆಲ್ಲ ನಿವೃತ್ತರು. ಕಲಿಸುವವರು ಮೋರಿ ಸೆನ್ಸೇ, ಅಂದರೆ ಮೋರಿ ಮೇಷ್ಟ್ರು. ನಮ್ಮ ಮನೆಗೆ ಬಂದು ಉಳಿದಿದ್ದ ಅತ್ತೆ, ಮೇಷ್ಟ್ರ ಹೆಸರು ಕೇಳಿದವರೇ, "ಪಾಪ, ಯಾರೇ ಇಟ್ಟಿದ್ದು ಆ ಹೆಸರು?" ಎಂದು ಮರುಗಿದರು. ಜಪಾನಿಯಲ್ಲಿ ಮೋರಿ ಎಂದರೆ ಕಾಡು ಎಂದಮೇಲೆಯೇ ಅವರಿಗೆ ಸಮಾಧಾನ.

ಸೆನ್ಸೇಗೆ ಪೆನ್ಸಿಲು ಹಿಡಿಸುವುದಕ್ಕಿಂತ ಕಥೆ ಹೇಳುವುದರಲ್ಲೇ ಹೆಚ್ಚು ಖುಷಿ. ಒಂದು ದಿನ ಪರದೆಯ ಮೇಲೆ ಯುರೋಪಿನ ಮಧ್ಯಯುಗದ ಚಿತ್ರವೊಂದನ್ನು ತೋರಿಸಿದರು. ಚಿನ್ನದ ಹಿನ್ನೆಲೆಯ ನಡುವೆ ಭವ್ಯವಾಗಿ ಮೇರಿಮಾತೆ. ಕೆಳಗೆ ಮೂಲೆಯಲ್ಲಿ ಇಲಿಮರಿಯಷ್ಟು ಮನುಷ್ಯನೊಬ್ಬ ಮಂಡಿಯೂರಿದ್ದಾನೆ. ಆ ಚಿತ್ರ ಬರೆಸಿದ ಸಾಹುಕಾರ ಅವನೇ ಅಂತೆ! ನಮ್ಮಲ್ಲಿ ದೇವರ ಕ್ಯಾಲೆಂಡರಿನ ಕೆಳಗೆ ಜವಳಿ ಅಂಗಡಿಯ ಹೆಸರಿರುತ್ತದಲ್ಲ, ಹಾಗೆ. ನಂತರದ ಶತಮಾನಗಳ ಚಿತ್ರಗಳಲ್ಲಿ ಈ ಮನುಷ್ಯ ಬೆಳೆಯುತ್ತಾ ಹೋದ. ಮಾತೆಯಷ್ಟೇ ಎತ್ತರವಾದ, ಅವಳ ಎದುರಿಗೇ ಕೂತ, ಕೊನೆಗೆ ಗದ್ದದ ನರೂಲಿಯ ಸಮೇತ ಒಬ್ಬನೇ ಇಡೀ ಚೌಕಟ್ಟು ತುಂಬಿಕೊಂಡ. ಬೆನ್ನ ಹಿಂದೆ ಚಿನ್ನ ಹೋಗಿ ಅವನ ಊರಿನ ಬೆಟ್ಟ, ಹೊಳೆ ಬಂದವು.

"ದೇವರನ್ನು ಯಾರೂ ಓಡಿಸಲಿಲ್ಲ. ಮನುಷ್ಯನನ್ನೂ ನೋಡಬೇಕು ಅಂತ ಜನಕ್ಕೆ ಅನ್ನಿಸಿತು, ಅಷ್ಟೇ" ಎಂದರು ಸೆನ್ಸೇ. ಹಾಗನ್ನಿಸಿದ್ದೇ ತಡ, ಪಂಡಿತರು ಮೂಲೆ ಸೇರಿದ್ದ ಗ್ರೀಕರ ಗ್ರಂಥಗಳ ಧೂಳು ಕೊಡವಿದರಂತೆ, ವೈದ್ಯರು ಪುಸ್ತಕದಲ್ಲಿದ್ದ ದೇಹವನ್ನು ಬಿಟ್ಟು ಎದುರಿಗಿದ್ದ ದೇಹವನ್ನು ನೋಡಿದರಂತೆ, ಕವಿಗಳು ಅಡುಗೆಮನೆಯ ಮಾತಿನಲ್ಲಿ ಬರೆಯತೊಡಗಿದರಂತೆ. ಹೈಸ್ಕೂಲಿನಲ್ಲಿ ನಾನೂ 'ಮಾನವತಾವಾದ: ಟಿಪ್ಪಣಿ ಬರೆಯಿರಿ' ಎಂಬುದಕ್ಕೆ ಉತ್ತರ ಬಾಯಿಪಾಠ ಮಾಡಿದವಳೇ. ಅದರೊಳಗೊಂದು ನರೂಲಿ ಇದೆಯೆಂದು ಯಾರೂ ಹೇಳಿರಲಿಲ್ಲ.

ಮುಂದಿನ ಗುರುವಾರ ಮುಖ ಬರೆಯುವ ಪಾಠ. ಅತ್ತೆ ಮನೆಯಲ್ಲಿ ಒಬ್ಬರೇ ಬೇಜಾರೆಂದು ನನ್ನ ಜೊತೆ ಬಂದು, ಹಿಂದಿನ ಕುರ್ಚಿಯಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ಸೆನ್ಸೇ ಅವರತ್ತ ಬಗ್ಗಿ ನಮಸ್ಕರಿಸಿ, ಎದುರಿಗೆ ಕೂರುತ್ತೀರಾ ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

"ನನ್ನನ್ನಾ? ಬೇರೆ ಯಾರೂ ಸಿಗ್ಲಿಲ್ವಂತಾ?" ಎಂದರು. ಅನ್ನುತ್ತಲೇ ಸೆರಗು ಸರಿಮಾಡಿಕೊಂಡು, ನಡುವಿನ ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಕೂತರು.

ಎಲ್ಲರ ಪೆನ್ಸಿಲು ಓಡತೊಡಗಿತು. ನನ್ನದು ಮಾತ್ರ ತಡವರಿಸಿತು. ಅತ್ತೆಯ ಸುಕ್ಕುಗಳನ್ನು ಒಂದೊಂದಾಗಿ ಕಾಗದಕ್ಕಿಳಿಸುವ ಧೈರ್ಯ ಯಾವ ಸೊಸೆಗಿದೆ? ನನ್ನ ಹಳೆಯ ಲಕ್ಷ್ಮಿಯನ್ನೇ ಬರೆದು, ಕೂದಲಿಗಷ್ಟು ನರೆ ಹಚ್ಚಿಬಿಟ್ಟೆ.

ಬಿಡುವಿನಲ್ಲಿ ಅತ್ತೆ ಎಲ್ಲರ ಹಲಗೆ ನೋಡುತ್ತಾ ಹೊರಟರು. ಕೋಬಾಯಾಶಿ ಸಾನ್ ಎಂಬ ಅಜ್ಜನ ಎದುರು ನಿಂತು, "ನನ್ನ ಮೂಗು ಇಷ್ಟು ದಪ್ಪ ಇದ್ಯಾ?" ಎಂದರು. ಅಜ್ಜನಿಗೆ ಮಾತು ತಿಳಿಯದಿದ್ದರೂ ಮೂಗಿಗೆ ಹೋದ ಕೈ ತಿಳಿಯಿತು. "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಾ ರಬ್ಬರು ಎತ್ತಿಕೊಂಡರು.

"ಅಯ್ಯೋ, ಅಳಿಸ್ಬೇಡಿ ಅಂತ ಹೇಳೇ! ಅದು ನಮ್ಮಪ್ಪನ ಮೂಗು. ಸರಿಯಾಗೇ ಬಂದಿದೆ."

ಆಮೇಲೆ ನನ್ನ ಹಲಗೆಗೆ ಬಂದರು. "ಇದು ಯಾರೇ?"

"ನೀವೇ ಅತ್ತೆ."

"ನೀನು ನನ್ನ ಕಡೆ ನೋಡೇ ಇಲ್ವಲ್ಲೇ!"

ನಗುತ್ತಲೇ ಹೇಳಿದರು. ನನಗೆ ಮಾತ್ರ ಚುರುಕ್ಕೆಂದಿತು. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಸಾರಿನ ಉಪ್ಪು, ಮಗುವಿನ ಜ್ವರ, ನೆಂಟರ ಮದುವೆ ಎಲ್ಲ ಮಾತಾಡಿದ್ದೆವು. ಮಾತಾಡುವಾಗ ನಾನು ನೋಡುತ್ತಿದ್ದದ್ದು ಒಲೆಯನ್ನೋ ಫೋನನ್ನೋ.

ಮಧ್ಯಾಹ್ನ ಊಟವಾದಮೇಲೆ ಅವರನ್ನು ಮನೆಯ ಕಿಟಕಿಯ ಬಳಿ ಕೂರಿಸಿ, ಮತ್ತೆ ಶುರುಮಾಡಿದೆ. ಈ ಸಲ ನೋಡಿದೆ. ಮೊದಮೊದಲು ಇಬ್ಬರಿಗೂ ನಾಚಿಕೆ. ಆಮೇಲೆ ಕಣ್ಣು ಪಳಗಿತು. ಎಡ ಹುಬ್ಬನ್ನು ಎರಡಾಗಿ ಸೀಳಿದ ಬಿಳಿ ಗೆರೆಯೊಂದು ಕಂಡಿತು.

"ಇದೇನತ್ತೆ, ಗಾಯನಾ?"

"ಅದಾ! ಅಣ್ಣನ ಸೈಕಲ್ಲಿಂದ ಬಿದ್ದಿದ್ದು. ಹೈಸ್ಕೂಲು ದೂರ, ಹೆಣ್ಣುಮಗು ಅಷ್ಟು ದೂರ ನಡ್ಕೊಂಡು ಹೋಗೋದು ಬೇಡ ಅಂದ್ರು ಮನೇಲಿ. ಸೈಕಲ್ ಕಲಿತ್ರೆ ನಡೆಯೋ ಮಾತೇ ಇಲ್ವಲ್ಲ ಅಂತ, ಯಾರಿಗೂ ಹೇಳ್ದೆ ತಗೊಂಡೋಗಿ ಕಲ್ಲು ಬೆಂಚಿಗೆ ಗುದ್ದಿದೆ."

"ಆಮೇಲೆ?"

"ಆಮೇಲೇನು, ಹೊಲಿಗೆ ಒಣಗ್ತಿದ್ದ ಹಾಗೇ ಮತ್ತೆ ಹತ್ತಿದೆ. ಅಪ್ಪ ನೋಡಿ ನೋಡಿ ಸಾಕಾಗಿ, ಹೋಗಿ ಸೇರ್ಕೋ ಹೋಗು ಅಂದ್ರು. ನಮ್ಮ ಬೀದೀಲಿ ಎಸ್ಸೆಸ್ಸೆಲ್ಸಿ ಮಾಡಿದ ಮೊದಲನೇ ಹುಡುಗಿ ನಾನೇ ಕಣೇ."

"ನಿಮ್ಮ ಮಗನಿಗೆ ಗೊತ್ತಾ ಇದು?"

"ಅವನು ಯಾವತ್ತು ಕೇಳ್ದ?"

ನಾನೂ ಕೇಳಿದವಳಲ್ಲ ಎಂದು ಅವರು ಹೇಳಲಿಲ್ಲ. ಅದು ಅವರ ದೊಡ್ಡತನ. ಒಂದು ಕಾಲದ ಜನರೆಲ್ಲ ಸೇರಿ ಕಂಡುಕೊಂಡದ್ದನ್ನು ಪ್ರತಿಯೊಂದು ಮನೆಯಲ್ಲೂ ಮತ್ತೆ ಮೊದಲಿನಿಂದ ಕಂಡುಕೊಳ್ಳಬೇಕೇನೋ ಎಂದುಕೊಳ್ಳುತ್ತಾ ಸುಕ್ಕು, ಮೂಗು, ಹುಬ್ಬು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ಮುಗಿಸಿ ಅಳುಕುತ್ತಲೇ ಅವರ ಕೈಗಿತ್ತೆ.

ಅತ್ತೆ ಕನ್ನಡಕ ಹಾಕಿಕೊಂಡು, ಕಾಗದವನ್ನು ತೋಳಿನಷ್ಟು ದೂರ ಹಿಡಿದು ಬಹಳ ಹೊತ್ತು ನೋಡಿದರು.

"ಆ ಗಾಯದ ಗೆರೆ ಇನ್ನೂ ಒಂಚೂರು ದಪ್ಪ ಮಾಡು" ಎಂದರು. "ಗೋಡೆಗೆ ಹಾಕಿದ್ರೆ ದೂರದಿಂದ ಕಾಣ್ಬೇಕು."