ಬಿಂದುವಿಗೆ ಬಾಯಾರಿಕೆ

ಅಂದು ಸಾಲಿನಲ್ಲಿ ಎಷ್ಟು ಗಾಡಿಗಳಿದ್ದವು, ಮಾಮಾನ ಕೈಯಲ್ಲಿದ್ದದ್ದು ಲ್ಯಾಪ್‌ಟಾಪೋ ಹಾಳೆಗಳೋ, ಈಗ ಖಾತ್ರಿಯಿಲ್ಲ. ನೆನಪು ತನಗೆ ಬೇಕಾದಂತೆ ತಿದ್ದಿಕೊಂಡಿರಬಹುದು. ಗಾಡಿ ಹೊಡೆಯುವ ಒಬ್ಬ ಹೆಂಗಸಿನ ಮಾತು ಮಾತ್ರ ಹಾಗೇ ಉಳಿದಿದೆ.

ಚಿಕ್ಕೋಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ತೂಕದ ಕಾಟಾದ ಮುಂದೆ ಕಬ್ಬು ಹೇರಿದ ಎತ್ತಿನ ಗಾಡಿಗಳು ಬಿಸಿಲಲ್ಲಿ ನಿಂತಿದ್ದವು. ಮಾಮಾ, ಅಂದರೆ ನನ್ನ ಸೋದರಮಾವ, ಗಣಿತದ ಪ್ರೊಫೆಸರ್ ಆಗಿದ್ದವರು. ಹರೆಯದಲ್ಲಿ ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ಇಳಿದು ಬ್ರಹ್ಮಾಂಡದ ಹುಟ್ಟನ್ನೇ ಸಮೀಕರಣದಲ್ಲಿ ಹಿಡಿಯಲು ಹೊರಟವರು. ನಿವೃತ್ತರಾದ ಮೇಲೆ ಕಂಪನಿಗಳಿಗೆ ಸಲಹೆಗಾರರು. ಗಾಡಿಗಳ ಪಾಳಿ ಸರಿಪಡಿಸಲು ಕಾರ್ಖಾನೆಯವರು ಅವರನ್ನು ಕರೆಸಿದ್ದರು; ಜೊತೆಗೆ ನಾನೂ ಹೋಗಿದ್ದೆ. ಸಾಲು ಬಿಟ್ಟ ಗಾಡಿ ಮತ್ತೆ ಕೊನೆಗೆ ಹೋಗಿ ನಿಲ್ಲಬೇಕು ಎಂಬ ಹೊಸ ನಿಯಮ ಅವರದೇ.

“ಪ್ರತಿ ಗಾಡೀನೂ ಒಂದು ಬಿಂದು ಅಂತ ತಿಳ್ಕೊಂಡ್ರ ಲೆಕ್ಕ ಭಾಳ ಹಗುರ ಆಗ್ತೈತಿ,” ಎಂದು ಮಾಮಾ ಮ್ಯಾನೇಜರಿಗೆ ವಿವರಿಸುತ್ತಿದ್ದರು.

ಪಾಲಬಾವಿಯಿಂದ ಗಾಡಿ ಹೊಡೆದುಕೊಂಡು ಬಂದಿದ್ದ ಹೆಂಗಸು ನೊಗದ ಮೇಲೆ ಕೈಯಿಟ್ಟು ಕೇಳಿದಳು: “ಹೌದ್ರಿ ಸಾಹೇಬ್ರ, ನಿಮ್ಮ ಬಿಂದುಕ್ಕ ನೀರ ಕುಡಸೂದು ಯಾವಾಗ? ತೊಟ್ಟೀಗ ಹೋದ್ರ ಪಾಳಿ ಹೋಗ್ತೈತಿ, ಇಲ್ಲೇ ನಿಂತ್ರ ಎತ್ತಿನ ಜೀವಾ ಹೋಗ್ತೈತಿ.”

ಸಾಲಿಗೆ ಸಾಲೇ ನಕ್ಕಿತು. ಮಾಮಾ ಕನ್ನಡಕ ಒರೆಸಿಕೊಳ್ಳುತ್ತ, ನೀರಿನ ವಿಷಯ ತಮ್ಮ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಗಣಿತದಲ್ಲೇ ಎಂ.ಎಸ್ಸಿ. ಮಾಡಿದ ನನಗೂ, ಅವಳು ಕೇಳುವವರೆಗೆ, ನೊರೆ ಸುರಿಸುತ್ತಿದ್ದ ಆ ಎತ್ತುಗಳ ಬಾಯಿಗಳು ಕಂಡಿರಲಿಲ್ಲ.

ಬ್ರಹ್ಮಾಂಡ ಹಿಡಿಸಿದ ತಲೆಯಲ್ಲಿ ಒಂದು ಬಕೆಟ್ ನೀರಿಗೆ ಜಾಗವಿರಲಿಲ್ಲ. ವಾಪಸು ಬರುವಾಗ ಕೇಳಿದೆ: “ಮಾಮಾ, ನಮ್ಮೂರ ಜುಗೂಳದಾಗ ಅಜ್ಜನ ಎತ್ತುಗೋಳನ್ನ ದಿನಾ ಹೊಳಿಗೆ ಹೊಡ್ಕೊಂಡ ಹೋಗಿ ನೀರ ಕುಡಸಾವ್ರು ನೀವೇ ಅಲ್ಲೇನ್ರಿ?” ಅವರು ಕಾರಿನ ಗಾಜು ಏರಿಸಿದರು.