ಕಾರಿನಲ್ಲಿ ಕೂತ ಡೈರೆಕ್ಟರ್

ಭಗವಂತರಾಯನನ್ನು ನಾನು ಮೊದಲು ನೋಡಿದ್ದು ಗರುಡಾಚಾರ್‌ಪಾಳ್ಯದ ನಮ್ಮ ಕಂಪನಿಯ ಮೆಟ್ಟಿಲ ಮೇಲೆ. ಆಗಷ್ಟೇ ಒರೆಸಿದ್ದೆ. ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.

"ಹಸಿ ಅದರಿ ಅಮ್ಮಾ, ಕಾಲಿಡ್ಲೇನ್ರಿ?"

ಅಫಜಲಪುರದ ಕಡೆಯವನು, ಯಜಮಾನರ ಕಾರಿಗೆ ಡ್ರೈವರ್ ಆಗಿ ಬಂದಿದ್ದ. ನಮ್ಮ ವಠಾರದಲ್ಲೇ ಕೋಣೆ ಹಿಡಿದ.

ಯಜಮಾನರ ತಮ್ಮ ಜಗಳವಾಡಿ ಕಂಪನಿ ಬಿಟ್ಟ. ಕಾನೂನಿನ ಪ್ರಕಾರ ಇಬ್ಬರು ಡೈರೆಕ್ಟರ್ ಇರಲೇಬೇಕಂತೆ. ಯಜಮಾನರು ಭಗವಂತರಾಯನ ಆಧಾರ್, ಪ್ಯಾನ್ ಕಾರ್ಡು ಇಸಿದುಕೊಂಡರು. ಅವನು ಕಾರು ತೊಳೆಯುತ್ತಲೇ ಫೋನಿಗೆ ಬಂದ ಓಟಿಪಿ ಓದಿ ಹೇಳಿದ. ಅಷ್ಟಕ್ಕೇ ಡೈರೆಕ್ಟರ್ ಆದ. ನಮಗೆಲ್ಲ ಪೇಡೆ ಹಂಚಿದ. ಸಂಬಳ ಅದೇ, ಕಾರೂ ಅದೇ. ಮೇಲೆ ಮೀಟಿಂಗ್ ನಡೆಯುವಾಗ ಕೆಳಗೆ ಕಾರಿನಲ್ಲಿ ಕೂತಿರುತ್ತಿದ್ದ.

ನಮ್ಮ ಸಂಬಳದಲ್ಲಿ ಹಿಡಿದ ಪಿಎಫ್ ಹಣವನ್ನು ಕಂಪನಿ ಕಟ್ಟಿರಲೇ ಇಲ್ಲ. ವಿಷಯ ಹೊರಬೀಳುವ ಹೊತ್ತಿಗೆ ಯಜಮಾನರು ದುಬೈ ಸೇರಿದ್ದರು. ಕೇಸು ಭಗವಂತರಾಯನ ಮೇಲೆ ಬಿತ್ತು.

"ಪೇಡೆ ತಿನ್ಸಿ ಪಿಎಫ್ ನುಂಗ್ಬಿಟ್ಯಲ್ಲ ಗುರು," ಎಂದ ಮೆಷೀನಿನ ಮುತ್ತಣ್ಣ, ನಲ್ಲಿಯ ಹತ್ತಿರ, ಎಲ್ಲರ ಎದುರಿಗೆ. ನನ್ನ ದುಡ್ಡೂ ಹೋಗಿತ್ತು. ಆದರೂ ಮೀಟಿಂಗಿಗೆ ಚಹಾ ಕೊಡುತ್ತಿದ್ದವಳು ನಾನು. ಭಗವಂತರಾಯ ಒಳಗೆ ಬಂದವನೇ ಅಲ್ಲವೆಂದು ಕೋರ್ಟಿನಲ್ಲಿ ಹೇಳುತ್ತೇನೆಂದೆ.

ಅವನ ವಕೀಲರು ನಕ್ಕರು. "ಪ್ರತಿ ಮೀಟಿಂಗಿಗೂ ಹಾಜರು ಅಂತ ಕಂಪನಿ ಪುಸ್ತಕದಲ್ಲಿ ಬರೆದಿದೆಯಮ್ಮ. ನೆಲ ಒರೆಸೋರ ಮಾತು ಯಾರು ಕೇಳ್ತಾರೆ?"

ಕೇಳಲು ಒಬ್ಬಳು ಬಂದಳು. ಶ್ವೇತ ಎಂದು, ಕಾಲೇಜಿನವಳು. ಕಂಪನಿಗಳ ಆಡಳಿತದ ಬಗ್ಗೆ ಸಂಶೋಧನೆಯಂತೆ. "ಇಷ್ಟು ದಿನ ದೊಡ್ಡೋರನ್ನೇ ಕೇಳ್ತಿದ್ವಿ. ನಿಮ್ಮಂಥ ಹೆಸರಿಗಷ್ಟೇ ಡೈರೆಕ್ಟರ್ ಆದೋರನ್ನ ಯಾರೂ ಕೇಳಿಲ್ಲ. ಇದು ಹೊಸ ದಾರಿ," ಎಂದಳು. ಭಗವಂತರಾಯನ ಮುಖ ಅರಳಿತು.

"ಹಂಗಾರ ಇದನ್ನ ಜಡ್ಜ್ ಸಾಹೇಬರಿಗೆ ತೋರಿಸ್ಬಹುದೇನ್ರಿ? ನನ್ನ ಹೆಸರು ಹಾಕ್ರಿ."

"ಇಲ್ಲ ಸರ್, ನಮ್ಮ ನಿಯಮ. ಹೆಸರು ಬದಲಾಯಿಸ್ತೀವಿ."

"ಭಾಳ ಚಲೋ ಆತು. ಅವ್ರು ನನ್ನ ಕೇಳದೇ ಹೆಸರು ಹಾಕಿದ್ರು, ನಾ ಕೇಳ್ಕೊಂಡ್ರೂ ನೀವು ತೆಗೀತೀರಿ."

ಅವಳು ಚಹಾ ಕುಡಿದು ಹೋದಳು.

ಕೋರ್ಟು ವಾರಂಟು ಹೊರಡಿಸಿತು. ಬೆಳಿಗ್ಗೆ ಪೊಲೀಸರು ಬಂದಾಗ ವಠಾರದವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಜೀಪು ಹತ್ತುವವನು ತಿರುಗಿ ನನ್ನನ್ನು ಕರೆದ.

"ಅಮ್ಮಾ, ಒಳಗ ಚಹಾ ಒಯ್ತಿದ್ರಲ್ಲ, ಖರೆ ಹೇಳ್ರಿ. ಅಲ್ಲಿ ನನಗಂತ ಒಂದು ಖಾಲಿ ಕುರ್ಚಿಯಾದ್ರೂ ಇಟ್ಟಿರ್ತಿದ್ರೇನ್ರಿ?"