ಹುಳು ಅರೆಯುತ್ತಿದ್ದ ಮಾಸ್ತರರು

ಸತ್ತ ಹುಳುವಿನ ವಾಸನೆ ಅವರ ಬೆರಳುಗಳನ್ನು ಬಿಡುತ್ತಲೇ ಇರಲಿಲ್ಲ. ಸಾಬೂನು, ನಿಂಬೆಹಣ್ಣು, ಬೂದಿ, ಯಾವುದಕ್ಕೂ ಅದು ಜಗ್ಗದು. ಜೈವಿಕ ತಂತ್ರಜ್ಞಾನವನ್ನು ಬೋಧಿಸಿ ನಿವೃತ್ತರಾಗಿದ್ದ ಆ ಮಾಸ್ತರರು ರಾಯಚೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಹಿತ್ತಲಿನ ಕೋಣೆಯಲ್ಲಿ ಕಾಯಿಕೊರಕ ಹುಳುಗಳನ್ನು ಸಾಕಿ, ಅವಕ್ಕೆ ಒಂದು ವೈರಾಣುವನ್ನು ಉಣಿಸಿ ಕೊಂದು, ಆ ಹೆಣಗಳನ್ನೇ ಅರೆದು ಸೋಸಿ, ತೊಗರಿಗೆ ಸಿಂಪಡಿಸುವ ಔಷಧವನ್ನು ಮಾಡುತ್ತಿದ್ದರು.

ಪ್ರವಚನ ಹೇಳಿಕೊಂಡು, ಇರುವೆಯನ್ನು ಕಂಡರೂ ದಾಟಿ ನಡೆಯುವ ನಾನು ಒಮ್ಮೆ ಕೇಳಿದೆ: "ಇದು ಹಿಂಸಾ ಅಲ್ಲೇನ್ರೀ?"

"ಹಿಂಸಾನ ರೀ. ಸುಳ್ಳ್ಯಾಕ ಹೇಳ್ಲಿ? ಆದರ ಇದೊಂದು ಹುಳ ಅಷ್ಟ ಸಾಯ್ತದ. ಜೇನು ಉಳೀತಾವ, ಔಷಧ ಹೊಡಿಯೋ ಮನುಷ್ಯಾನೂ ಉಳೀತಾನ."

ಆ ಔಷಧವನ್ನು ಹೊತ್ತು ಇಳಿದ ಮೇಲೆಯೇ ಹೊಡೆಯಬೇಕು. ಬಿಸಿಲು ತಾಗಿದರೆ ವೈರಾಣು ಸಾಯುತ್ತದೆ. ದೇವದುರ್ಗದ ಕಡೆಯ ಒಬ್ಬ ರೈತನಿಗೆ ಇದನ್ನು ಹೇಳಿಯೇ ಕೊಟ್ಟಿದ್ದರು. ಆತನೋ, ಮನೆತನದ ರೂಢಿಯಂತೆ ಸೋಮವಾರ ಹೊಲದ ಬದುವಿನಲ್ಲಿ ಕಾಯಿ ಒಡೆದು, ಪೂಜೆ ಮುಗಿಸಿ, ನಡುಹಗಲಿನಲ್ಲೇ ಪಂಪನ್ನು ಬೆನ್ನಿಗೇರಿಸಿದ. ವೈರಾಣು ಸತ್ತಿತು, ಹುಳು ಬದುಕಿ ಹೂವು ಮೊಗ್ಗುಗಳನ್ನು ತಿನ್ನತೊಡಗಿತು.

ನಾನೂ ಮಾಸ್ತರರೂ ಅವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಆ ರೈತ ಬಾರುಕೋಲು ಹಿಡಿದು ನುಗ್ಗಿದ. "ಹುಳದ ನೀರು ಮಾರತಿಯೇನಲೇ ಮಾಸ್ತರ!" ಮೊದಲ ಏಟು ಭುಜಕ್ಕೆ, ಎರಡನೆಯದು ಎಡಗಣ್ಣಿಗೆ. ಬಿದ್ದವರ ಪಕ್ಕೆಗೆ ಒದ್ದ. ಕಣ್ಣುಗುಡ್ಡೆ ಒಡೆದು, ರಕ್ತ ನನ್ನ ಧೋತರದ ಮೇಲೆ ಹರಿಯಿತು. ಓಣಿಯವರು ಆತನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು.

ಆಸ್ಪತ್ರೆಯಲ್ಲಿ ನಾನು, "ಕ್ಷಮಿಸಿಬಿಡ್ರಿ, ಕೇಸು ಬ್ಯಾಡ" ಎಂದೆ.

"ಕಣ್ಣು ಹೋಗಿದ್ದು ನಂದು. ಕ್ಷಮಾ ನೀವ್ಯಾಕ ಹಂಚಾಕತ್ತೀರಿ? ಕೇಸು ನಡೀಲಿ." ಉಸಿರು ಸುಧಾರಿಸಿಕೊಂಡು ಮುಂದುವರಿದರು: "ಆದರ ಹುಳ ಕೋರ್ಟಿನ ತಾರೀಖು ಕಾಯಂಗಿಲ್ಲ. ಬಾಟ್ಲಿ ಒಯ್ದು, ಸಂಜಿಗೆ ಅವನ ಹೊಲಕ್ಕ ಹೊಡಸ್ರಿ."

ಹೋದೆ. ಅವರು ಹೇಳಿದಂತೆ, ಹುಳು ತಿನ್ನಲೆಂದು ಬೆಲ್ಲವನ್ನೂ ಬಿಸಿಲು ತಡೆಯಲೆಂದು ಬಟ್ಟೆಯ ನೀಲಿಯನ್ನೂ ಔಷಧಕ್ಕೆ ನನ್ನ ಕೈಯಾರೆ ಬೆರೆಸಿದೆ. ರೈತನ ಹೆಂಡತಿ ಪಂಪು ಹೊತ್ತಳು.

"ನಮ್ಮ ಮನಿಯವರನ್ನ ಜೈಲಿಗೆ ಹಾಕಿಸಿ, ನಮಗ ಔಷಧ ಕಳಿಸ್ಯಾರೇನ್ರೀ ಯಪ್ಪಾ?" ಎಂದಳು. ಹೊತ್ತು ಮುಳುಗುತ್ತಿತ್ತು; ನಾನು ಮೊದಲ ಸಾಲಿನತ್ತ ಕೈ ತೋರಿಸಿದೆ.

ವಾರದೊಳಗೆ ಹುಳುಗಳು ಗಿಡದ ತುದಿಗಳಲ್ಲಿ ತಲೆಕೆಳಗಾಗಿ ಜೋತು, ಕಪ್ಪಾಗಿ ಕರಗಿ ಸೋರತೊಡಗಿದವು. ತೊಗರಿ ಉಳಿಯಿತು. ಮುಂದೆ ರೈತನಿಗೆ ಶಿಕ್ಷೆಯೂ ಆಯಿತು.

ಕಳೆದ ಶ್ರಾವಣದಲ್ಲಿ ಮಾಸ್ತರರು ಲಿಂಗೈಕ್ಯರಾದರು. ಕ್ಷಮೆಯ ಹಿರಿಮೆಯನ್ನು ನಾನು ಈಗಲೂ ಪ್ರವಚನಗಳಲ್ಲಿ ಹೇಳುತ್ತೇನೆ. ಆದರೆ ಪೆಟ್ಟು ತಿಂದವರೇ ಎದುರು ಕುಳಿತಿದ್ದರೆ, ಅವರಾಗಿ ಕೇಳುವವರೆಗೂ ಕ್ಷಮಿಸಿರೆಂದು ಬಾಯಿ ತೆರೆಯುವುದಿಲ್ಲ.